ಕೆಡದ ಎಣ್ಣೆ, ಅಕ್ಕನ ಮೂಗು

ನಮ್ಮಕ್ಕನಂಥ ಹಟಮಾರಿ ಇನ್ನೊಬ್ಬಳನ್ನು ನಾನು ಕಂಡಿಲ್ಲ. ಎಣ್ಣೆ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ ಒಂದೇ, ಮೂಸುವುದು. ಅರವತ್ತು ಡಿಗ್ರಿ ಬಿಸಿಯ ಕಪಾಟಿನಲ್ಲಿ ಎಣ್ಣೆಯ ಶೀಶೆಗಳನ್ನಿಟ್ಟು, ಯಾವುದು ಎಷ್ಟನೇ ದಿನಕ್ಕೆ ಕಮಟು ಹಿಡಿಯಿತು ಎಂದು ಪುಸ್ತಕದಲ್ಲಿ ಬರೆಯಬೇಕು. ಪಕ್ಕದ ಮೇಜಿನಲ್ಲಿ ಅದೇ ಎಣ್ಣೆಗೆ ರಾಸಾಯನಿಕ ಪರೀಕ್ಷೆ ಮಾಡುವವಳು ನಾನು. "ನೀನು ಸಂಜೆಗೆ ಹೇಳೋದನ್ನ ನನ್ನ ಮೂಗು ಬೆಳಿಗ್ಗೇನೇ ಹೇಳುತ್ತೆ ಕಣೇ" ಎಂದು ದಿನಾ ಆಡಿಕೊಳ್ಳುತ್ತಿದ್ದಳು.

ಅಂಥವಳಿಗೆ ಹದಿನೈದು ದಿನ ನೆಗಡಿ, ಜ್ವರ. ರಜೆ ಮುಗಿಸಿ ಬರುವಷ್ಟರಲ್ಲಿ ಸೂರ್ಯಕಾಂತಿ ಎಣ್ಣೆಯ ಶೀಶೆಗಳೆಲ್ಲ ಕೆಟ್ಟು ಹೊರಗೆ ಹೋಗಿದ್ದವು. ಉಳಿದದ್ದು ಹುರಿದ ಎಳ್ಳಿನ ಎಣ್ಣೆ ಮಾತ್ರ. ನಮ್ಮ ಕಾರ್ಖಾನೆಯಲ್ಲಿ ಅದು ಹೊಸದು. ಕಪಾಟಿಗಿಟ್ಟ ಇಪ್ಪತ್ತನೇ ದಿನ ಮೂಸಿದಳು, ಕಮಟಿಲ್ಲ. ಇಪ್ಪತ್ತೈದು, ಇಲ್ಲ. ಮೂವತ್ತು, ಊಹೂಂ. ಅಕ್ಕನ ಮುಖ ಸಪ್ಪಗಾಯಿತು.

"ನನ್ನ ಮೂಗು ಸತ್ತೋಯ್ತು ಕಣೇ."

"ನಂಗೂ ಕಮಟು ವಾಸನೆ ಬರ್ತಿಲ್ವಲ್ಲೇ!"

"ನಿಂಗೆ ಯಾವತ್ತು ಬಂದಿತ್ತು?"

"ಬೆಳಿಗ್ಗೆ ಹಾಲು ಸೀದಿದ್ದು ಯಾರಿಗೆ ಗೊತ್ತಾಯ್ತು? ನಿಂಗೇ ತಾನೇ?"

"ಅದು ನೆನಪಿಂದ ಬರೋ ವಾಸನೆ. ಒಲೆ ಮೇಲೆ ಹಾಲಿದೆ ಅಂತ ಗೊತ್ತಿತ್ತಲ್ಲ."

ಇವಳ ತರ್ಕಕ್ಕಿಷ್ಟು ಬೆಂಕಿ ಹಾಕ! ಬಾಯಿ ನೋಯುವಷ್ಟು ಹೇಳಿದೆ. ಎಳ್ಳು ಹುರಿಯುವಾಗ ಅದರೊಳಗಿನ ಸೆಸಮೊಲಿನ್ ಎಂಬುದು ಒಡೆದು ಸೆಸಮೋಲ್ ಆಗುತ್ತದೆ. ಗಾಳಿ ಎಣ್ಣೆಯನ್ನು ಕೆಡಿಸಲು ಬಂದರೆ ಮೊದಲು ಅದು ಅಡ್ಡ ನಿಂತು ತಾನು ಕೆಡುತ್ತದೆ. ಅದಕ್ಕೇ ಈ ಎಣ್ಣೆ ಇಷ್ಟು ದಿನ ತಾಳುತ್ತದೆ ಎಂದೆ. ಕಲ್ಲಿಗೆ ಹೇಳಿದ್ದರೂ ಕರಗುತ್ತಿತ್ತು. ಅವಳು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು.

ಮೂವತ್ತೈದನೇ ದಿನ ನನಗೊಂದು ಮಾತೂ ಹೇಳದೆ 'ಕಮಟು' ಎಂದು ಬರೆದು ಸಹಿ ಹಾಕಿಬಿಟ್ಟಳು. ನನ್ನ ಪರೀಕ್ಷೆಯ ಸರದಿಯೂ ಅವತ್ತೇ ಇತ್ತು. ಎಣ್ಣೆ ಚೆನ್ನಾಗಿಯೇ ಇದೆ ಎಂದು ಬಂತು. ಎರಡೂ ಪುಸ್ತಕ ಮ್ಯಾನೇಜರ್ ಮೇಜಿಗೆ ಹೋದವು.

ಅವರು ನಮ್ಮಿಬ್ಬರನ್ನೂ ಕರೆಸಿ ಕೂರಿಸಿಕೊಂಡರು, ಅಕ್ಕನ ಮೇಲೆ ರೇಗಲಿಲ್ಲ. "ಜ್ವರದಲ್ಲಿ ಮೂಗು ಕೈಕೊಟ್ಟಿದೆ, ಅಷ್ಟೇ ತಾನೇ ಅಮ್ಮಾ? ಎರಡು ತಿಂಗಳು ರಜಾ ತಗೊಂಡು ಇದೇ ಕುರ್ಚಿಗೆ ಬನ್ನಿ. ಬೇಕಂತ ತಪ್ಪು ಬರೆಯೋರಿಗೆ ಮಾತ್ರ ಈ ಕೋಣೇಲಿ ಜಾಗ ಇಲ್ಲ. ನೀವು ಅಂಥೋರಲ್ಲ."

ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಒಂದು ಹೂಂ ಅಂದರೆ ಮುಗಿಯಿತು!

"ಇಲ್ಲ ಸಾರ್," ಎಂದಳು. "ಮೂಗು ಕಮಟಿಲ್ಲ ಅಂತ್ಲೇ ಹೇಳ್ತಿತ್ತು. ಅದನ್ನ ನಂಬದೆ, ಇಷ್ಟು ದಿನಕ್ಕೆ ಕೆಟ್ಟೇ ಇರುತ್ತೆ ಅಂತ ನಾನೇ ಸುಳ್ಳು ಬರೆದೆ."

ಸಂಜೆಯೊಳಗೆ ಅವಳನ್ನು ಲೇಬಲ್ ಅಂಟಿಸುವ ವಿಭಾಗಕ್ಕೆ ಹಾಕಿದರು. ಮನೆಗೆ ಬರುವ ದಾರಿಯುದ್ದಕ್ಕೂ ಬೈದೆ. "ಹೂಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಇಪ್ಪತ್ತೆರಡು ವರ್ಷ ಅನ್ನ ಹಾಕಿದ ಮೂಗು ಕಣೇ. ತಪ್ಪು ನಾನು ಮಾಡಿ ಅದರ ತಲೆಗೆ ಕಟ್ಲಾ?"

ಮೈಯೆಲ್ಲ ಉರಿಯಿತು, ಅಳುವೂ ಬಂತು. ಮರುದಿನ ಮೂಸುವ ಕೆಲಸವೂ ನನ್ನ ಕೊರಳಿಗೇ ಬಿತ್ತು. ಅದೇ ಎಳ್ಳೆಣ್ಣೆಯ ಶೀಶೆಗೆ ಮೂಗಿಟ್ಟು ಕಾಲು ಗಂಟೆ ನಿಂತೆ, ಏನು ಬರೆಯಲಿ? ಕೊನೆಗೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಲೇಬಲ್ ವಿಭಾಗಕ್ಕೆ ಓಡಿದೆ. ಅಕ್ಕ ಅಂಟಿನ ಕೈ ಒರೆಸಿಕೊಂಡು ಒಂದೇ ಸಲ ಮೂಸಿದಳು.

"ಇನ್ನೂ ಕಮಟಿಲ್ಲ. ಧೈರ್ಯವಾಗಿ ಬರ್ಕೋ ಹೋಗು."