ಪರದೆಗೆ ಬರೆದ ಉತ್ತರ

ಶಾಲೆಯಿಂದ ನಿವೃತ್ತಳಾದ ಎರಡು ವರ್ಷಕ್ಕೆ ನನಗೆ ಏಳುವುದೂ ಬೇಡ, ಉಣ್ಣುವುದೂ ಬೇಡ ಎನ್ನುವಂತಾಯಿತು. ಖಿನ್ನತೆ ಎಂದ ಡಾಕ್ಟರು ಮಾತ್ರೆಯ ಜೊತೆ, ಕಂಪ್ಯೂಟರ್ ಕೇಳುವ ಪ್ರಶ್ನೆಗಳಿಗೆ ಉತ್ತರ ಬರೆಯುತ್ತ ಮಾಡುವ ಚಿಕಿತ್ಸೆಯನ್ನೂ ಬರೆದುಕೊಟ್ಟರು. ಅದಕ್ಕಾಗಿ ವಾರಕ್ಕೊಮ್ಮೆ ರಾಣೆಬೆನ್ನೂರಿನಿಂದ ಹಾವೇರಿಯ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. "ಇವತ್ತು ಏನು ಮಾಡಿದಿರಿ?" ಎಂದು ಪರದೆಯ ಮೇಲೆ ಪ್ರತಿ ಸಲವೂ ಪ್ರಶ್ನೆ ಬರುತ್ತಿತ್ತು. ನಾನು "ಏನಿಲ್ಲ" ಎಂದು ಟೈಪ್ ಮಾಡುತ್ತಿದ್ದೆ.

ಮೂರನೆಯ ವಾರ ಪಕ್ಕದಲ್ಲಿ ಕೂತಿದ್ದ ನರ್ಸ್ ಅದನ್ನು ಓದಿದಳು. ಸೀಟು ಸಿಗದೆ ನಿಂತೇ ಬಂದೆ ಎಂದು ಒಳಗೆ ಬರುವಾಗ ಅವಳಿಗೆ ಹೇಳಿದ್ದೆ.

"ಅಕ್ಕಾರ, ಬಸ್ಸಿನ್ಯಾಗ ನಿಂತ್ಕೊಂಡು ಬಂದೀರಲ್ಲರಿ, ಅದನ್ನ ಬರೀರಿ."

"ಅದೂ ಒಂದು ಕೆಲಸೇನವಾ?" ಎಂದೆ.

"ಕಾಲು ಎಷ್ಟು ಬಾತಾವ ನೋಡ್ಕೋರಿ."

ನೋಡಿಕೊಂಡೆ. ಒಂದೊಂದೇ ಅಕ್ಷರ ಹುಡುಕಿ, ಬಸ್ಸಿನಲ್ಲಿ ನಿಂತು ಬಂದದ್ದನ್ನೇ ಬರೆದೆ. ದಣಿವೇನೂ ಇಳಿಯಲಿಲ್ಲ. ಆದರೆ ಮುಂದಿನ ವಾರ ಹೊರಡುವ ಮೊದಲು, ಬರೆಯಲು ಏನಾದರೂ ಇರಲಿ ಎಂದು ನನ್ನ ಸೀರೆಯನ್ನು ನಾನೇ ಒಗೆದು ಹಾಕಿದೆ.