ಎಡಗಡೆಯ ಸಹಿ

ನನ್ನ ಮಗಳು ಹನ್ನೊಂದನೆಯ ಕ್ಲಾಸಿನಲ್ಲಿದ್ದಾಗ ನಾವಿಬ್ಬರೂ ಎರಡು ವಾರಕ್ಕೂ ಹೆಚ್ಚು ಫೈಲಿನ ಮೂಲಕ ಮಾತಾಡಿದೆವು. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ, ಈಗ ನನಗೂ ನಗುವೇ ಬರುತ್ತದೆ. ಆಗ ಮಾತ್ರ ನಗು ಬರುತ್ತಿರಲಿಲ್ಲ.

ದೆಹಲಿಯಲ್ಲಿ ಮೆಟ್ರೋಗಾಗಿ ಎಲ್ಲೆಲ್ಲೂ ರಸ್ತೆ ಅಗೆಯುತ್ತಿದ್ದ ಕಾಲ. ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನ ಎರಡನೇ ಮಹಡಿಯಲ್ಲಿ ನಮ್ಮ ಮನೆ. ನಾನು ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಮಗಳನ್ನು ಹೌಜ್ ಖಾಸ್ ಹತ್ತಿರದ ಒಂದು ಕೋಚಿಂಗ್ ಕ್ಲಾಸಿಗೆ ಸೇರಿಸಿದ್ದೆ, ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ. ಸೇರಿಸುವ ಮೊದಲು ಅವಳನ್ನು ಕೇಳಿದ ನೆನಪಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿ ಟೆಸ್ಟ್.

ಒಂದು ಭಾನುವಾರ ಕೋಚಿಂಗಿನವರು ಫೋನ್ ಮಾಡಿ, ನಿಮ್ಮ ಮಗಳು ನಾಲ್ಕು ವಾರದಿಂದ ಟೆಸ್ಟಿಗೇ ಬಂದಿಲ್ಲ ಎಂದರು. ಅವಳು ಎಂದಿನಂತೆ ಮಧ್ಯಾಹ್ನ ಬ್ಯಾಗು ಹೊತ್ತು ಬಂದಳು.

"ಎಲ್ಲಿದ್ದೆ?"

"ಡಿಯರ್ ಪಾರ್ಕ್‌ನಲ್ಲಿ."

"ಅಲ್ಲೇನು ಮಾಡ್ತಿದ್ದೆ?"

"ಜಿಂಕೆ ನೋಡ್ತಿದ್ದೆ."

ನನಗೆ ಮೂಗಿನ ತುದಿಯಲ್ಲೇ ಕೋಪ. "ನಾವು ಹೊಟ್ಟೆಬಟ್ಟೆ ಕಟ್ಟಿ ಓದಿಸೋದು, ನೀನು ಜಿಂಕೆ ನೋಡೋದು!" ಎಂದು ಕೂಗಿದ ಕೂಗಿಗೆ ಎದುರು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. "ಅಪ್ಪಾ, ಸುನೋ ತೋ, ನಂಗೆ ಅಲ್ಲಿ..." ಎಂದು ಅವಳು ಏನೋ ಹೇಳಹೊರಟಳು. ನಾನು ಕೇಳಲಿಲ್ಲ. ನಾವು ಯಾವತ್ತೂ ಹೊಟ್ಟೆಬಟ್ಟೆ ಕಟ್ಟಿದವರಲ್ಲ ಎಂದು ನನ್ನ ಹೆಂಡತಿ ಆಮೇಲೆ ನೆನಪಿಸಿದಳು.

ಅಂದಿನಿಂದ ಮಗಳ ಮಾತು ನಿಂತಿತು. ತರಕಾರಿ ಭಯ್ಯಾನ ಕೂಗನ್ನು ಅವನಿಗಿಂತ ಚೆನ್ನಾಗಿ ಕೂಗಿ ಅವನನ್ನೇ ನಗಿಸುತ್ತಿದ್ದ ಹುಡುಗಿ ಸ್ಕೂಲಿಗೆ ಹೋಗಿಬಂದು ಕೋಣೆ ಸೇರುತ್ತಿದ್ದಳು. ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಉಳಿಯುತ್ತಿತ್ತು. ಅಮ್ಮ ತಲೆ ನೇವರಿಸಿದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಕೈಯಾರೆ ಮಗಳನ್ನು ಕಳೆದುಕೊಳ್ಳುತ್ತಿದ್ದೇನೇನೋ ಎಂದು ನನಗೆ ನಿಜವಾಗಿ ಭಯವಾಯಿತು.

ಐದನೆಯ ದಿನ ಊಟದ ಮೇಜಿನ ಮೇಲೆ ಸ್ಕೂಲಿನ ಪಿಕ್ನಿಕ್ ಫಾರಂ ಇತ್ತು, ಜೊತೆಗೆ ಒಂದು ಚೀಟಿ: "ಸಹಿ ಬೇಕು." ಆಫೀಸಿನ ಅಭ್ಯಾಸಬಲ, ಚೀಟಿಯ ಕೆಳಗೆ "ಚರ್ಚಿಸಿ" ಎಂದು ಬರೆದು ಸಹಿ ಮಾಡಿ ಅವಳ ಕೋಣೆಯ ಬಾಗಿಲ ಸಂದಿಯಲ್ಲಿ ತೂರಿಸಿದೆ. ಹತ್ತು ನಿಮಿಷದಲ್ಲಿ ವಾಪಸು ಬಂತು: "ಇಚ್ಛೆಯಿಲ್ಲ." ಸಿಟ್ಟು ನೆತ್ತಿಗೇರಿತು. ಆದರೆ ಐದು ದಿನದಲ್ಲಿ ಬಂದ ಮೊದಲ ಉತ್ತರ ಅದು. ಸಂಜೆ ಸೆಕ್ಟರ್ ಮಾರ್ಕೆಟ್ಟಿಗೆ ಹೋಗಿ ಒಂದು ಫೈಲ್ ಕವರ್, ದಾರ, ಟಿಪ್ಪಣಿ ಬರೆಯುವ ಹಸಿರು ನೋಟ್‌ಶೀಟುಗಳನ್ನು ಕೊಂಡುತಂದೆ. ಆಫೀಸಿನ ಒಂದು ಹಾಳೆಯನ್ನೂ ನಾನು ಮನೆಗೆ ತಂದವನಲ್ಲ, ಇದಕ್ಕಂತೂ ತರುವಂತೆಯೇ ಇರಲಿಲ್ಲ.

ಫೈಲಿನ ರೀತಿ ಅವಳಿಗೆ ಗೊತ್ತಿತ್ತು. ಎಂಟು ವರ್ಷದವಳಿದ್ದಾಗ ರಜೆಯಲ್ಲಿ ಆಫೀಸಿಗೆ ಕರೆದುಕೊಂಡು ಹೋಗಿ ನಾನೇ ಕಲಿಸಿದ್ದೆ. ಟಿಪ್ಪಣಿ ಬರೆದು ಮೇಲಕ್ಕೆ ಕಳಿಸುವ ಗುಮಾಸ್ತ ಕೆಳಗೆ ಎಡಗಡೆ ಸಹಿ ಹಾಕುತ್ತಾನೆ, ತೀರ್ಮಾನ ಕೊಡುವ ಅಧಿಕಾರಿ ಬಲಗಡೆ. ಬರೆದದ್ದನ್ನು ಯಾರೂ ಹರಿಯುವಂತಿಲ್ಲ. ಬಂದ ಫೈಲನ್ನು ಉತ್ತರ ಬರೆಯದೆ ಇಟ್ಟುಕೊಳ್ಳುವಂತಿಲ್ಲ. ಅದೇ ನನ್ನ ಆಸೆ: ಉತ್ತರವಂತೂ ಬರಲೇಬೇಕಲ್ಲ!

"ವಿಷಯ: ಊಟ, ಓದು ಮತ್ತು ಮಾತು ನಿಲ್ಲಿಸಿರುವ ಬಗ್ಗೆ" ಎಂದು ಶುರುಮಾಡಿ ಏಳು ಅಂಶಗಳ ನೋಟು ಬರೆದೆ. ಹೊತ್ತಿಗೆ ಸರಿಯಾಗಿ ಊಟ ಮಾಡುವುದು, ಅಪ್ಪ ಅಮ್ಮನ ಕಷ್ಟ ಅರಿಯುವುದು, ಇಂಥವೇ. ಫೈಲು ಒಳಗೆ ಮುಟ್ಟಿಸುವ ಕೆಲಸ ಹೆಂಡತಿಯದು. "ನನ್ನನ್ನ ಪ್ಯೂನ್ ಮಾಡಿದ್ರಿ" ಎಂದು ಗೊಣಗುತ್ತಲೇ ಒಯ್ದಳು. ಉತ್ತರ ಬಂತು: "ನೋಡಿದೆ." ಇನ್ನೊಂದು ನೋಟು ಕಳಿಸಿದೆ. ಅದಕ್ಕೆ ಆಫೀಸಿನ ಮಾತಿನಲ್ಲೇ, ಗಮನಿಸಿದೆ ಎಂದಷ್ಟೇ: "ನೋಟೆಡ್." ಮತ್ತೊಂದು. "ನೋಟೆಡ್."

ಹೀಗೆ ಎರಡು ವಾರ. ಒಂದು ಸಂಜೆ ಹೆಂಡತಿ ಫೈಲು ತಂದು ನನ್ನ ಮುಂದೆ ಕುಕ್ಕಿದಳು.

"ಓದಿ ನೋಡ್ರಿ, ನೀವು ಬರೆದದ್ದನ್ನೇ. ಯಾರಾದ್ರೂ ಮಗುಗೆ ಮೆಮೋ ಕೊಡ್ತಾರಾ?"

ಮೊದಲ ಪುಟದಿಂದ ಓದಿದೆ. ಬಲಗಡೆ ನನ್ನ ಸಹಿ, ತಾರೀಖಿನ ಸಮೇತ, ಠೀವಿಯಿಂದ. ಎಡ ಮೂಲೆಯಲ್ಲಿ ಅವಳದು, ಇರುವೆ ಗಾತ್ರದ ಇನಿಷಿಯಲ್ಲು. ಎಲ್ಲ ಪುಟದಲ್ಲೂ ಎಡಗಡೆಯೇ. ಹಾಗೆ ಹಾಕು ಎಂದು ನಾನು ಹೇಳಿರಲಿಲ್ಲ.

ಆ ಎಡ ಮೂಲೆ ನನಗೆ ಚೆನ್ನಾಗಿ ಗೊತ್ತು. ಹನ್ನೊಂದು ವರ್ಷ ಅಸಿಸ್ಟೆಂಟಾಗಿ ಅಲ್ಲೇ ಸಹಿ ಹಾಕಿದವನು ನಾನು. ತಿಳಿದದ್ದೆಲ್ಲ ಬರೆದು ಮೇಲೆ ಕಳಿಸಿದರೆ ಬಲಗಡೆಯವರು "ಬೇಡ" ಎಂದು ಒಂದೇ ಪದ ಗೀಚುತ್ತಿದ್ದರು. ಕೊನೆಕೊನೆಗೆ ನಾನು ತಿಳಿದದ್ದನ್ನು ಬರೆಯುವುದನ್ನೇ ಬಿಟ್ಟಿದ್ದೆ. ಕೆಲಸ ಕಲಿಯಲಾರದವನು ಎಂದು ಆಗ ನನ್ನ ಬಗ್ಗೆ ಹೇಳುತ್ತಿದ್ದರು. ಈಗ ಹದಿನಾರು ವರ್ಷದ ಹುಡುಗಿಯನ್ನು ಅದೇ ಮೂಲೆಗೆ ತಳ್ಳಿ ಮೊಂಡಿ ಎಂದು ಬಯ್ಯುತ್ತಿದ್ದೆ. ನಾಚಿಕೆಯಾಯಿತು.

ಪೆನ್ನು ತೆಗೆದೆ. "ಅವತ್ತು ನೀನು ಹೇಳಹೊರಟದ್ದನ್ನು ನಾನು ಕೇಳಲಿಲ್ಲ. ತಪ್ಪು ನನ್ನದು. ನಿನಗೇನಾಗುತ್ತಿದೆ ಎಂದು ನನಗೆ ಗೊತ್ತಿಲ್ಲ, ಏನು ಮಾಡಬೇಕೆಂದೂ ತೋಚುತ್ತಿಲ್ಲ. ನೀನು ಹೇಳಿದಂತೆ ಮಾಡುತ್ತೇನೆ. ಆದೇಶಕ್ಕಾಗಿ ಸಲ್ಲಿಸಲಾಗಿದೆ." ಎಡಗಡೆ ಸಹಿ ಹಾಕಿದೆ. ಬಲಗಡೆ ಖಾಲಿ ಬಿಟ್ಟೆ. ಫೈಲು ನಾನೇ ಒಯ್ದು ಬಾಗಿಲ ಬಳಿ ಇಟ್ಟು ಬಂದೆ.

ಮಾರನೆಯ ದಿನ ಟಿಫನ್ ಡಬ್ಬಿಯ ಪಕ್ಕ ಫೈಲು ಕಾದಿತ್ತು. ಎರಡು ಪುಟ, ಅವಳ ಕೈಬರಹ. ಟೆಸ್ಟಿನ ಹಾಲ್‌ನಲ್ಲಿ ಕೂತರೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ, ಸತ್ತೇಹೋಗುತ್ತೇನೆ ಅನಿಸುತ್ತದೆ. ಪಕ್ಕದವರೆಲ್ಲ ಆರಾಮಾಗಿ ಬರೆಯುತ್ತಿರುತ್ತಾರೆ, ಹಾಗಾಗಿ ತಲೆ ಕೆಟ್ಟಿರುವುದು ನನ್ನದೇ ಅಂದುಕೊಂಡಿದ್ದೆ. ಪಾರ್ಕಿನಲ್ಲಿ ಕೂತರೆ ಮಾತ್ರ ಉಸಿರು ಸರಿಯಾಗುತ್ತದೆ. ಹೀಗೆಲ್ಲ ಬರೆದು ಕೆಳಗೆ ಆದೇಶ: ಒಂದು, ಸದ್ಯಕ್ಕೆ ಟೆಸ್ಟ್ ಇಲ್ಲ. ಎರಡು, ಸ್ಕೂಲಿನ ಕೌನ್ಸೆಲರ್ ಮೇಡಂ ಹತ್ತಿರ ನನ್ನ ಜೊತೆ ಬರುವುದು, ಅಲ್ಲಿ ಅಪ್ಪ ಬಾಯಿ ಬಿಡಕೂಡದು. ಮೂರು, ಭಾನುವಾರ ಅಪ್ಪ ಕಡಲೆಕಾಯಿ ಸಮೇತ ಡಿಯರ್ ಪಾರ್ಕಿಗೆ ಹಾಜರಾಗುವುದು. ಬಲಗಡೆ ಅರ್ಧ ಪುಟದಷ್ಟು ದೊಡ್ಡ ಸಹಿ. ಓದಿ ಅತ್ತೆ, ಸಹಿ ನೋಡಿ ನಕ್ಕೆ. ಅಂದು ಆಫೀಸಿಗೆ ತಡವಾಗಿ ಹೋದೆ.

ಶುಕ್ರವಾರ ಕೌನ್ಸೆಲರ್ ಮೇಡಂ ಮುಂದೆ ತುಟಿ ಹೊಲಿದುಕೊಂಡು ಕೂತೆ. ಇದು ಸೋಮಾರಿತನವಲ್ಲ, ನಾಟಕವೂ ಅಲ್ಲ, ತುಂಬ ಮಕ್ಕಳಿಗೆ ಹೀಗಾಗುತ್ತದೆ, ವಾಸಿಯೂ ಆಗುತ್ತದೆ ಎಂದು ಅವರು ಹೇಳಿದರು. ಪ್ರತಿ ವಾರ ಬರಲು ಹೇಳಿದರು. ಮಧ್ಯೆ ಎರಡು ಸಲ ನನ್ನ ಬಾಯಿ ತೆರೆಯಿತು, ಎರಡು ಸಲವೂ ಮಗಳು ಕಾಲು ತುಳಿದಳು.

ಭಾನುವಾರ ಪಾರ್ಕಿಗೆ ಹೋದೆವು. ಎಳೆ ಬಿಸಿಲು. ತಂತಿಬೇಲಿಯಾಚೆ ಜಿಂಕೆಗಳು ಮೇಯುತ್ತಿದ್ದವು. ಅವಳು ತನ್ನ ಬೆಂಚು ತೋರಿಸಿ ಕೂತು ಕಡಲೆಕಾಯಿ ಬಿಡಿಸುತ್ತ ಮಾತು ಶುರುಮಾಡಿದಳು. ಅರ್ಧ ಕನ್ನಡ, ಅರ್ಧ ಹಿಂದಿ. ಕೋಚಿಂಗ್ ಬಗ್ಗೆ, ಗೆಳತಿಯರ ಬಗ್ಗೆ, ನನ್ನ ಕೂಗಾಟದ ಬಗ್ಗೆ. ಒಂದು ಗಂಟೆ ಆಯಿತು, ಎರಡಾಯಿತು. ಬುದ್ಧಿಮಾತು ನಾಲಿಗೆಯ ತುದಿಗೆ ಬಂದಾಗಲೆಲ್ಲ ಒಂದು ಕಡಲೆಕಾಯಿ ಬಾಯಿಗೆ ಹಾಕಿಕೊಂಡೆ. ಪೊಟ್ಟಣ ಬೇಗ ಮುಗಿಯಿತು.

"ಬಸ್, ಇಷ್ಟೇ" ಎಂದು ಕೊನೆಗೆ ಅವಳು ಕೈ ಕೊಡವಿದಳು. ನನ್ನ ಕಡೆ ತಿರುಗಿ, "ಅಪ್ಪಾ, ಕುಛ್ ತೋ ಬೋಲೋ. ಈಗ ಮಾತಾಡಬಹುದು ನೀನು" ಎಂದಳು.

ಖಾಲಿ ಪೊಟ್ಟಣ ಮಡಚಿ ಜೇಬಿಗಿಟ್ಟೆ. "ನೋಟೆಡ್" ಅಂದೆ.

ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ನಕ್ಕಳು ನೋಡಿ, ಹೊಟ್ಟೆ ಹಿಡಿದುಕೊಂಡು, ಹಳೆಯ ನಗು, ಬೇಲಿಯ ಹತ್ತಿರವಿದ್ದ ಜಿಂಕೆಗಳೆಲ್ಲ ಬೆದರಿ ದೂರ ಓಡಿದವು.