ಹತ್ತೊಂಬತ್ತು ಗಂಟಲು, ಒಂದೇ ಶ್ರುತಿ

“ಏ ತಂಗಿ, ಎಲ್ಲಾರೂ ಕಪ್ಪು ಒಂದ್ರಾಗ ಹಾಡ್ಯಾರ. ನಿನಗೊಬ್ಬಾಕಿಗೆ ತಬಲಾ ಇಳಿಸ್ಕೋತ ಕುಂದ್ರಲೇನು?”

ಹೋದ ತಿಂಗಳು ಲಿಂಗಸುಗೂರಿನ ಮಕ್ಕಳ ಸಂಗೀತ ಸ್ಪರ್ಧೆಯಲ್ಲಿ ತಬಲಾದವರು ನನ್ನ ತಂಗಿ ಶಾರದಾಗೆ ಹೀಗೆಂದರು. ಅದೂ ಮೈಕಿನ ಮುಂದೆ. ಮುಂದಿನ ಸಾಲಿನವರು ನಕ್ಕರು.

ಹಾರ್ಮೋನಿಯಂನ ಮೊದಲ ಕಪ್ಪು ಕೀ ಒತ್ತಿದರೆ ಬರುವ ಶ್ರುತಿಯೇ ಕಪ್ಪು ಒಂದು. ಶಾರದಾಳ ಶ್ರುತಿ ಅದಕ್ಕಿಂತ ಕೆಳಗಿನದು. ದಪ್ಪ, ತುಂಬು ದನಿ. (ಅವಳು ಹಾಡಲು ಕೂತರೆ ಮಸ್ಕಿಯ ನಮ್ಮ ಓಣಿಯಲ್ಲಿ ರೇಡಿಯೋ ಸಣ್ಣ ಮಾಡುತ್ತಾರೆ.) ತಬಲಾದ ಶ್ರುತಿ ಇಳಿಸಲು ಎಷ್ಟು ಹೊತ್ತು ಬೇಕು? ಒಂದು ಚಹಾ ಕುಡಿಯುವಷ್ಟು. ಅದಕ್ಕೆ ಟೈಮ್ ಇಲ್ಲ! ಶಾಲು ಹೊದಿಸಲು, ಅತಿಥಿಗಳ ಭಾಷಣಕ್ಕೆ ಮಾತ್ರ ಬೇಕಾದಷ್ಟಿತ್ತು.

ಶಾರದಾ ಕಪ್ಪು ಒಂದರಲ್ಲೇ ಹಾಡಿದಳು. ಮೇಲಿನ ಸಾ ಮುಟ್ಟುವಾಗ ದನಿ ಒಡೆಯಿತು. ತೀರ್ಪುಗಾರರು ತಲೆ ಎತ್ತದೆ ಅಂಕ ಗೀಚಿದರು.

ಎಲ್ಲವನ್ನೂ ಡೈರಿಯಲ್ಲಿ ಬರೆದಿಡುವುದು ನನ್ನ ಚಾಳಿ. ಅಂದು ಹಾಡಿದವರು ಹತ್ತೊಂಬತ್ತು ಮಕ್ಕಳು. ದನಿ ಒಡೆದವರು ಎಂಟು. ಬಹುಮಾನ ಗೆದ್ದ ಮೂವರನ್ನೂ ಕೇಳಿದೆ. ಮನೆಯಲ್ಲೂ ಅವರು ಹಾಡುವುದು ಕಪ್ಪು ಒಂದರಲ್ಲೇ! ಇದು ಸಂಗೀತದ ಸ್ಪರ್ಧೆಯೋ, ಒಂದೇ ಅಳತೆಯ ಅಂಗಿ ಹೊಲಿದು ಅದು ಯಾರ ಮೈಗೆ ಹೊಂದುತ್ತದೆಂದು ನೋಡುವ ತಮಾಷೆಯೋ?

ಇಷ್ಟಕ್ಕೇ ಮುಗಿದಿದ್ದರೆ ಸುಮ್ಮನಿರುತ್ತಿದ್ದೆ. ಮರುದಿನದಿಂದ ಅವಳ ಸಂಗೀತದ ಮಾಸ್ತರರು ಎಲ್ಲ ಮಕ್ಕಳಿಗೂ ಕಪ್ಪು ಒಂದರಲ್ಲೇ ಪಾಠ ಶುರು ಮಾಡಿದರು. ಹೋಗಿ ಕೇಳಿದೆ.

“ಏನ್ ಮಾಡ್ಲೆಪಾ? ಪ್ರೈಜ್ ಬರಲಿಲ್ಲಂದ್ರ ಮಂದಿ ಮಕ್ಕಳನ್ನ ಪಾಠಕ್ಕ ಕಳಿಸೂದಿಲ್ಲ.”

“ಆಕಿ ಗಂಟಲ ಕೆಟ್ರ ಏನ್ರೀ ಮಾಸ್ತರ?”

“ರೂಢಿ ಆಕೈತಿ ಬಿಡು.”

ಏನು ರೂಢಿ? ಈಗ ಬೆಳಗಿನ ಅಭ್ಯಾಸ ಮುಗಿಯುವಷ್ಟರಲ್ಲಿ ಹುಡುಗಿಗೆ ಮಾತೇ ಹೊರಡುವುದಿಲ್ಲ. ಅವ್ವ ಬಿಸಿನೀರಿಗೆ ಉಪ್ಪು ಹಾಕಿ ಕೊಡುತ್ತಾಳೆ. ನಿನ್ನೆ ಶಾರದಾ ಬಾಯಿ ಮುಕ್ಕಳಿಸುತ್ತ ಕೇಳಿದಳು: “ಅಣ್ಣಾ, ನನ್ನ ದನೀನ ತಪ್ಪೈತೇನು?”

ಹನ್ನೆರಡು ವರ್ಷದ ಹುಡುಗಿಗೆ ಇಂಥ ಅನುಮಾನ ಕಲಿಸಲು ಒಂದು ಸ್ಪರ್ಧೆ ಬೇಕಿತ್ತೇ?

ಮಸ್ಕಿಯಲ್ಲಿ ಸಂಗೀತ ಕಲಿಸುವವರು ಈ ಮಾಸ್ತರರೊಬ್ಬರೇ. ಬಿಡಿಸಿದರೆ ಪಾಠ ಹೋಗುತ್ತದೆ, ಕಳಿಸಿದರೆ ದನಿ ಹೋಗುತ್ತದೆ. ಸ್ಪರ್ಧೆ ನಡೆಸುವ ಮಹನೀಯರೇ, ಯಾವುದು ಹೋದರೆ ನಿಮಗೆ ಸಮಾಧಾನ?